ಅಮ್ಮ ಎಂದೂ ಸುಳ್ಳು ಹೇಳಿಲ್ಲವಂತೆ

ಬಿ.ಎಸ್ಸಿ.ಗೆ ಮನಶ್ಶಾಸ್ತ್ರ ತೆಗೆದುಕೊಂಡೆ ಎಂದು ಗೊತ್ತಾದ ದಿನದಿಂದ ನಮ್ಮ ಬೀದಿಯವರಿಗೆ ನಾನು ಕಣಿ ಹೇಳುವವಳಾಗಿಬಿಟ್ಟಿದ್ದೇನೆ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಎದುರು ಸಿಕ್ಕಾಗಲೆಲ್ಲ ತಮ್ಮ ಮನಸ್ಸಿನಲ್ಲಿ ಈಗ ಏನಿದೆ ಹೇಳು ಎನ್ನುತ್ತಾರೆ. ನಾನು ಓದುವುದು ಮಿದುಳಿನ ನರಗಳನ್ನು, ತಲೆ ತಿನ್ನುವ ಸಂಖ್ಯಾಶಾಸ್ತ್ರವನ್ನು ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. ಹೋಗಲಿ, ಅವರನ್ನು ಸಹಿಸಬಹುದು. ನಮ್ಮಮ್ಮನನ್ನು ಸಹಿಸುವುದೇ ಕಷ್ಟ.

ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಜಿಪ್ಪು ಹೋದ ಪ್ಯಾಂಟು, ಬಿಗಿಯಾದ ಅಂಗಿ, ಉದ್ದವಾದ ಪರದೆ, ಎಲ್ಲ ಅವಳ ಹತ್ತಿರವೇ ಬರುತ್ತವೆ. ಬಟ್ಟೆ ಕೊಡಲು ಬಂದವರಿಗೆಲ್ಲ ಮಗಳು ಡಾಕ್ಟರಿಕೆ ಓದುತ್ತಿದ್ದಾಳೆ ಎನ್ನುತ್ತಾಳೆ. ಅಲ್ಲಮ್ಮ ಎಂದರೆ, ಅದೇ, ತಲೆ ಡಾಕ್ಟರ್ ಎಂದು ತಿದ್ದುತ್ತಾಳೆ. ಅಪ್ಪ ಲಾರಿ ಓಡಿಸುತ್ತಾನೆ. ಬಂದರೆ ನಿದ್ದೆ, ಎದ್ದರೆ ಲಾರಿ.

ಕೊನೆಯ ವರ್ಷದ ಪ್ರಾಕ್ಟಿಕಲ್‌ಗೆ ಕಾಲೇಜಿನ ಹೊರಗಿನವರೊಬ್ಬರನ್ನು ಕೂರಿಸಿಕೊಂಡು ವ್ಯಕ್ತಿತ್ವ ಪರೀಕ್ಷೆ ಮಾಡಬೇಕಿತ್ತು. ಪ್ರಶ್ನೆ ಓದುವುದು ನಾವು, ಹೌದು ಅಥವಾ ಇಲ್ಲ ಎನ್ನುವುದು ಅವರು, ನಮ್ಮ ಭಾಷೆಯಲ್ಲಿ ಸಬ್ಜೆಕ್ಟ್. ಮೇಡಂ ರೆಕಾರ್ಡಿಗೆ ಸಹಿ ಹಾಕದಿದ್ದರೆ ಪರೀಕ್ಷೆಯ ಕೋಣೆಗೇ ಬಿಡುವುದಿಲ್ಲ. ಮೂರು ವರ್ಷ ಓದಿದ್ದು ನೀರಲ್ಲಿ ಹೋಮ. ಅಪ್ಪ ಕೂರುತ್ತೇನೆ ಎಂದಿದ್ದ, ಬರಲಿಲ್ಲ. ಉಳಿದವಳು ಅಮ್ಮ.

ಅಮ್ಮ ಮುಖ ತೊಳೆದು, ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಫೋಟೋಕ್ಕೆ ಕೂತವಳ ಹಾಗೆ ಕೂತಳು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಎಂದಾದರೂ ಸುಳ್ಳು ಹೇಳಿದ್ದೀರಾ? ಇಲ್ಲ. ಯಾರ ಮೇಲಾದರೂ ಕೂಗಾಡಿದ್ದೀರಾ? ಇಲ್ಲ. ಅವತ್ತು ಬೆಳಗ್ಗೆಯಷ್ಟೇ, ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದೆ ಎಂದು ಬೀದಿ ಕೊನೆಯ ಅಂಗಡಿಗೆ ಕೇಳುವಂತೆ ನನ್ನನ್ನು ಬೈದಿದ್ದಳು. ಆದರೆ ಪ್ರಶ್ನೆ ಕೇಳುವವರು ಮುಖದಲ್ಲಿ ಏನನ್ನೂ ತೋರಿಸಬಾರದು ಎಂಬುದು ನಿಯಮ. ನಾಲಗೆ ಕಚ್ಚಿಕೊಂಡು ಬರೆದುಕೊಂಡೆ.

ಆ ಪರೀಕ್ಷೆಯಲ್ಲಿ ಎಲ್ಲ ಮನುಷ್ಯರೂ ಮಾಡುವ ಸಣ್ಣ ತಪ್ಪುಗಳ ಬಗ್ಗೆ ಹತ್ತು ಪ್ರಶ್ನೆಗಳಿವೆ. ನಾನು ಮಾಡೇ ಇಲ್ಲ ಎಂದಷ್ಟೂ ಸುಳ್ಳಿನ ಅಂಕ ಏರುತ್ತದೆ. ಅಮ್ಮನಿಗೆ ಹತ್ತಕ್ಕೆ ಹತ್ತು. ತಲೆ ಚಚ್ಚಿಕೊಳ್ಳುತ್ತ ಅದನ್ನು ಹೇಳಿದರೆ, ಹತ್ತಕ್ಕೆ ಹತ್ತು ಎಂಬುದನ್ನಷ್ಟೇ ಕಿವಿಗೆ ಹಾಕಿಕೊಂಡು ಸಂಜೆ ಬಟ್ಟೆ ತಂದವರಿಗೆಲ್ಲ ಸಾರಿದಳು.

ಮೇಡಂ ರೆಕಾರ್ಡನ್ನು ನನ್ನತ್ತ ತಳ್ಳಿದರು. ಇಂಥ ಮನುಷ್ಯರು ಭೂಮಿ ಮೇಲಿಲ್ಲ, ನೀನೇ ಕೂತು ತುಂಬಿಸಿದ್ದೀಯ, ನಾಳೆ ಸರಿಯಾದದ್ದು ತರದಿದ್ದರೆ ಸಹಿ ಇಲ್ಲ ಎಂದರು. ಮನೆಗೆ ಬಂದು ಆ ಸಿಟ್ಟನ್ನೆಲ್ಲ ಅಮ್ಮನ ಮೇಲೆ ಸುರಿದೆ. ಅಮ್ಮ ಮೆಷಿನ್ ನಿಲ್ಲಿಸಿದಳು.

"ಮತ್ತೇನ್ ಹೇಳ್ಬೇಕಿತ್ತು? ನಿಮ್ ಮೇಡಂ ಮುಂದೆ ಮನೆ ಮಾನ ಹರಾಜು ಹಾಕ್ಲಾ? ಇವಳ ತಾಯಿ ಇಂಥವಳು ಅಂತ ನಿನಗೆ ಮಾರ್ಕ್ಸ್ ಕಮ್ಮಿ ಕೊಟ್ರೆ?"

ಪಾಪ, ನನ್ನ ಪರೀಕ್ಷೆಯನ್ನು ತಾನು ಬರೆಯುತ್ತಿದ್ದೇನೆ ಎಂದುಕೊಂಡಿದ್ದಳು! ಹೆಸರು ಬರೆಯುವುದಿಲ್ಲ, ಒಳ್ಳೆಯತನಕ್ಕೆ ಮಾರ್ಕ್ಸಿಲ್ಲ, ನಿಜ ಹೇಳಿದರೆ ಸಾಕು ಎಂದು ಗಂಟಲು ಹರಿದುಕೊಂಡೆ.

"ನಿಜ ಹೇಳಿದ್ರೆ ನೀನು ಪಾಸಾ?"

ಪಾಸು ಎಂದೆ.

ಈ ಸಲ ಬಟ್ಟೆ ಬದಲಿಸಲಿಲ್ಲ. ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಲೇ ಉತ್ತರ ಕೊಟ್ಟಳು. ಸುಳ್ಳು ಹೇಳಿದ್ದೀರಾ? ಹೌದು. ಕೂಗಾಡಿದ್ದೀರಾ? ನನ್ನ ಮುಖ ನೋಡಿ, ಹೌದು. ಅಬ್ಬ, ಗೆದ್ದೆ ಎಂದುಕೊಂಡು ಮುಂದಿನದನ್ನು ಓದಿದೆ. ಮನೆಯಲ್ಲಿ ಜನರಿದ್ದರೂ ಒಂಟಿ ಅನ್ನಿಸುತ್ತದೆಯೇ? ಹೌದು. ನಿಮ್ಮ ಮಾತು ಯಾರಿಗೂ ಬೇಡ ಅನ್ನಿಸುತ್ತದೆಯೇ? ಹೌದು. ಮೊದಲ ಸಲ ಇವಕ್ಕೆಲ್ಲ ಇಲ್ಲ ಎಂದವಳು ಇವಳೇ. ನನ್ನ ಸ್ವರ ಸಣ್ಣಗಾಗುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತದೆಯೇ?

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ಕಾರಣ ಇದ್ದೇ ಬರುತ್ತೆ. ಅದಕ್ಕೆ ಏನಂತ ಬರ್ಕೋತೀಯ?"

ಹೌದು, ಇಲ್ಲ ಎರಡೇ ಇದ್ದವು. ನಿಯಮದ ಪ್ರಕಾರ ಬೇರೆ ಪ್ರಶ್ನೆ ಕೇಳುವಂತಿಲ್ಲ. ಆ ನಿಯಮ ಮಾಡಿದವನ ಮನೆ ಹಾಳಾಗ. ಇಲ್ಲ ಎಂದು ಗುರುತು ಹಾಕಿದೆ.

ಸುಳ್ಳಿನ ಅಂಕ ಎರಡಕ್ಕೆ ಇಳಿದಿತ್ತು. ಮೇಡಂ ಪುಟ ತಿರುವಿ, ಈಗ ಸರಿಯಿದೆ, ಒಳ್ಳೆಯ ಸಬ್ಜೆಕ್ಟ್ ಎಂದು ಸಹಿ ಹಾಕಿದರು. ಅವರಿಗೇನು, ಮುಂದಿನ ರೆಕಾರ್ಡ್ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದಾಗ ಅಮ್ಮ ತಲೆ ಎತ್ತದೆ ಪಾಸಾ ಎಂದು ಕೇಳಿದಳು. ಪಾಸು ಎಂದೆ. ಸಮಾಧಾನದಿಂದ ಮೆಷಿನ್ ತುಳಿಯತೊಡಗಿದಳು. ನಾನು ಬ್ಯಾಗು ಕೆಳಗಿಟ್ಟು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ.

"ಅಮ್ಮಾ, ಏನು ಕಾರಣ?"

ಮೆಷಿನ್ ನಿಲ್ಲಲಿಲ್ಲ. "ಅದೂ ಪರೀಕ್ಷೆಗೆ ಬರುತ್ತಾ?" ಎಂದಳು.