ಕನಕಮ್ಮ ಮುಗಿಸಿದ ಮಾತುಗಳು

ಹಿಟ್ನಾಳದ ಕನಕಮ್ಮನಿಗೆ ಮದುವೆಯಾದ ಹೊಸತರಲ್ಲೇ ಒಂದು ಕೆಲಸ ಅಂಟಿಕೊಂಡಿತು. ಗಂಡ ಅರ್ಧಕ್ಕೆ ಬಿಟ್ಟ ಮಾತನ್ನು ಮುಗಿಸುವ ಕೆಲಸ.

ಗಂಡ ಕಾಳಪ್ಪ ಪಂಚಾಯಿತಿಯಲ್ಲಿ ನೀರು ಬಿಡುವವನು. ಸಂಜೆಯಾದರೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ದನಿ ಒಳ್ಳೆಯದು, ಮನುಷ್ಯ ಅದಕ್ಕಿಂತ ಒಳ್ಳೆಯವನು. ಆದರೆ ಮೀಸೆ ಮೂಡುವ ಮೊದಲೇ ಊರ ಹೊರಗಿನ ಹುಣಸೆಮರದ ಕೆಳಗೆ ಬೈರಾಗಿಗಳ ಜೊತೆ ಕೂತು ಗಾಂಜಾ ಚಿಲುಮೆ ಹಿಡಿದಿದ್ದ. ಸೇದಿ ಸೇದಿ ಮಾತಿನ ನಡುವೆ ದಾರಿ ತಪ್ಪುವುದು ರೂಢಿಯಾಗಿತ್ತು. "ಈ ದೇಹ ಅನ್ನೂದು…" ಎಂದು ಶುರು ಮಾಡಿ, ಕೈ ಮೇಲೆತ್ತಿ, ಹಾಗೇ ನಿಂತುಬಿಡುತ್ತಿದ್ದ. ಕಟ್ಟೆಯ ಮೇಲಿನ ಮಂದಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕನಕಮ್ಮನಿಗೆ, ಇದನ್ನು ಹೀಗೇ ಬಿಟ್ಟರೆ ಇವರು ಉಣ್ಣುವ ಹೊತ್ತಿಗೂ ಏಳುವುದಿಲ್ಲ ಎಂಬ ಚಿಂತೆ. "ಬಾಡಿಗಿ ಮನಿ ಅಂತ ಹೇಳಾಕತ್ಯಾರ್ರಿ, ಬಿಟ್ಟು ಹೋಗೂ ಮುಂದ ಕಸ ಹೊಡದು ಹೋಗಬೇಕಂತ," ಎಂದು ಒಳಗಿನಿಂದಲೇ ಹೇಳುತ್ತಿದ್ದಳು. ಮಂದಿ ಬರೆದುಕೊಂಡು ತಲೆದೂಗುತ್ತಿದ್ದರು. ಕಾಳಪ್ಪನೂ ತಲೆದೂಗುತ್ತಿದ್ದ.

ಹೀಗೆ ಅವನಿಗೆ ದೊಡ್ಡ ಅನುಭಾವಿ ಎಂಬ ಹೆಸರು ಬಂತು. ಮಾತಿಗೆ ಮುಂಚೆ ಯೋಚಿಸುವವನು, ತೂಕದ ಮನುಷ್ಯ ಎಂದರು. ಅವನು ಯೋಚಿಸುತ್ತಿರುವುದು ಉತ್ತರವನ್ನಲ್ಲ, ಪ್ರಶ್ನೆ ಏನಿತ್ತು ಎಂಬುದನ್ನು ಎಂದು ಕನಕಮ್ಮ ಒಬ್ಬಳಿಗೇ ಗೊತ್ತಿತ್ತು. ನೀರಿನ ಕೆಲಸದಲ್ಲೂ ಅದೇ ಕತೆ. ವಾಲ್ ತಿರುಗಿಸಿ ಪಕ್ಕದಲ್ಲಿ ಕೂತನೆಂದರೆ ಶಾಲೆಯ ಮುಂದಿನ ಓಣಿ ಕೆರೆಯಾಗಿ ಎಮ್ಮೆಗಳು ಇಳಿಯುತ್ತಿದ್ದವು. ಕಡೆಗೆ ಕನಕಮ್ಮನೇ ಚಹಾ ಕೊಡುವ ನೆಪದಲ್ಲಿ ಹೋಗಿ ವಾಲ್ ಬಂದ್ ಮಾಡಿ ಬರತೊಡಗಿದಳು. ಹೊತ್ತಿಗೆ ಸರಿಯಾಗಿ ನೀರು ಬಿಡುತ್ತಾನೆಂದು ಪಂಚಾಯಿತಿಯವರು ಕಾಳಪ್ಪನಿಗೆ ಶಾಲು ಹೊದಿಸಿದರು. ನಡುವಯಸ್ಸಿನಲ್ಲಿ ಕೆಮ್ಮು ಹತ್ತಿ ಚಿಲುಮೆ ಬಿಟ್ಟ. ಮಾತಿನ ನಡುವೆ ನಿಲ್ಲುವುದು ಮಾತ್ರ ಅವನನ್ನು ಬಿಡಲಿಲ್ಲ.

ಮೂವರು ಹೆಣ್ಣುಮಕ್ಕಳಾದ ಮೇಲೆ ತಡವಾಗಿ ಹುಟ್ಟಿದವನು ಗೌತಮ. ತಾಯಿಯ ನಾಲಿಗೆ, ತಾಯಿಯ ಚುರುಕು. ಕೊಪ್ಪಳದಲ್ಲಿ ಐಟಿಐ ಮುಗಿಸಿ, ಹೆದ್ದಾರಿ ಬದಿಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವ ಕೆಲಸ ಹಿಡಿದ. ರಜೆ ಬಂದರೆ ಗೆಳೆಯರ ಜೊತೆ ಹೊಳೆದಂಡೆಯ ಬಂಡೆಗಳಿಗೆ ಹೋಗಿಬರುತ್ತಿದ್ದ. ಬಂದವನು ನಗುತ್ತಾ ಇರುತ್ತಿದ್ದ, ನಾಲ್ಕು ರೊಟ್ಟಿಯ ಜಾಗದಲ್ಲಿ ಎಂಟು ತಿನ್ನುತ್ತಿದ್ದ. ಹೊಳೆ ನೀರು ಮೈಗೆ ಹತ್ತಿತೆಂದು ಕನಕಮ್ಮ ಹಿಗ್ಗಿ, ಪಕ್ಕದ ಮನೆಯ ತಾಜಬೀಯ ಮುಂದೆ ಹೇಳಿಕೊಂಡಳು.

ಕೆಲವು ತಿಂಗಳಲ್ಲಿ ನಗು ಕಡಿಮೆಯಾಯಿತು. ಹಸಿವೂ ಹೋಯಿತು. ಚಪ್ಪಲಿ ಹಾಕಿಕೊಂಡೇ ಚಪ್ಪಲಿ ಹುಡುಕುತ್ತಿದ್ದ. ಗಾಡಿಯ ಕೀಲಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಕಾರ್ಖಾನೆಯಲ್ಲಿ ಒಂದು ದಿನ ಕಬ್ಬಿಣದ ತೊಲೆಯನ್ನು ಮೇಲೆತ್ತಿ, ಎಲ್ಲಿಡಬೇಕೆಂಬುದು ಮರೆತು, ಕೆಳಗಿನವರು ಸೀಟಿ ಊದಿ ಊದಿ ಸೋತರೂ ಸುಮ್ಮನೆ ಕೂತಿದ್ದನಂತೆ. ಯಾರಿಗೂ ಏನೂ ಆಗಲಿಲ್ಲ. ಸೂಪರ್‌ವೈಜರ್ ಅವನನ್ನು ಕ್ರೇನಿನಿಂದ ಇಳಿಸಿ ಗೋದಾಮಿಗೆ ಹಾಕಿದ. ಅಂದಿನಿಂದ ಸೂಪರ್‌ವೈಜರ್ ತನ್ನ ಮೇಲೆ ಕಣ್ಣಿಟ್ಟಿದ್ದಾನೆಂಬ ಅನುಮಾನ ಗೌತಮನಿಗೆ ಶುರುವಾಯಿತು. ಆಮೇಲೆ ಆ ಅನುಮಾನ ತಾಜಬೀಯ ಹುಂಜದವರೆಗೂ ಬಂತು. ತಾನು ಹೊರಗೆ ಬಂದಾಗಲೇ ಅದು ಕೂಗುತ್ತದೆ, ಯಾರಿಗೋ ಸುದ್ದಿ ಮುಟ್ಟಿಸುತ್ತದೆ ಎಂದ. ತಾಜಬೀ ಬಿದ್ದು ಬಿದ್ದು ನಕ್ಕಳು. ಕನಕಮ್ಮನೂ ನಕ್ಕಳು. ಮರುದಿನ ಅನ್ನದ ತಟ್ಟೆ ಮುಂದಿಟ್ಟಾಗ, "ಮೊದಲ ನೀ ಒಂದು ತುತ್ತು ಉಣ್ಣು ಬೇ, ನೋಡ್ತೀನಿ," ಎಂದ ಮಗ. ಅವಳ ನಗು ಅಲ್ಲಿಗೆ ನಿಂತಿತು.

ಅದೇ ವಾರ ಅವನ ಅಂಗಿ ತೊಳೆಯಲು ನೆನೆಹಾಕುವಾಗ ವಾಸನೆ ಮೂಗಿಗೆ ಬಡಿಯಿತು. ಪರಿಚಯವಿಲ್ಲದ ವಾಸನೆಯೇ ಅದು? ಅರ್ಧ ಆಯುಷ್ಯ ಕಾಳಪ್ಪನ ಧೋತರದಿಂದ ಒಗೆದು ತೆಗೆದದ್ದು. ಅಂಗಿ ಹಿಡಿದುಕೊಂಡೇ ಮಗನ ಮುಂದೆ ನಿಂತಳು. ಗೌತಮ ಅಂಜಲಿಲ್ಲ. ಅದು ಗಿಡ, ದೇವರು ಕೊಟ್ಟದ್ದು, ಸಾರಾಯಿಗಿಂತ ಎಷ್ಟೋ ವಾಸಿ, ತಲೆ ತೆರೆಯುತ್ತದೆ ಎಂದೆಲ್ಲ ಹೇಳಿದ. ಕಡೆಗೆ ತನ್ನ ದೊಡ್ಡ ಆಧಾರವನ್ನೇ ಮುಂದಿಟ್ಟ.

"ಅಪ್ಪನೂ ಸೇದ್ಯಾನ. ಅಪ್ಪಗ ಏನಾಗೇತಿ ಹೇಳು? ಮಂದಿ ಬಂದು ಕಾಲು ಬೀಳ್ತಾರ."

ಯಾರ ಮಾತನ್ನಾದರೂ ಮುಗಿಸಬಲ್ಲ ಕನಕಮ್ಮನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಮಂದಿ ಕಾಲು ಬೀಳುವಂತೆ ಮಾಡಿದವಳು ತಾನೇ.

ಬಯ್ದಳು, ಅತ್ತಳು, ಹರಕೆ ಹೊತ್ತಳು. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಹೆಣ್ಣುಮಕ್ಕಳ ಕಡೆಯ ಬೀಗರೆಲ್ಲ ಸಲಹೆ ಕೊಟ್ಟರು. ಬೇರೆ ದಾರಿ ಕಾಣದೆ ಅವಳೂ ಒಪ್ಪಿದಳು. ತಳಕಲ್ಲಿನಲ್ಲಿ ಒಂದು ಹೆಣ್ಣಿತ್ತು, ನೇತ್ರಾವತಿ ಎಂದು, ನರ್ಸಿಂಗ್ ಕಲಿತವಳು. ಅನುಭಾವಿ ಕಾಳಪ್ಪನ ಮನೆಯೆಂದರೆ ನಮ್ಮ ಪುಣ್ಯ ಎಂದು ಅವಳ ಮನೆಯವರೇ ಕರೆ ಕಳಿಸಿದ್ದರು.

ಒಂದು ಭಾನುವಾರ ಮೂವರೂ ಬಸ್ಸು ಹತ್ತಿ ಹೋದರು. ಚಾಪೆ ಹಾಸಿದರು, ಅವಲಕ್ಕಿ ಕೊಟ್ಟರು, ನೇತ್ರಾವತಿ ಚಹಾ ತಂದಿಟ್ಟು ಬಾಗಿಲ ಪಕ್ಕ ನಿಂತಳು. ಅವಳ ದೊಡ್ಡಪ್ಪ ಬಾಲಪ್ಪ ಮನೆಯ ಹಿರಿಯ. ಕಾರ್ಖಾನೆಯಲ್ಲಿ ಏನು ಕೆಲಸವೆಂದು ಗೌತಮನನ್ನು ಕೇಳಿದ.

"ನಾನು ಅಲ್ಲಿ…" ಎಂದ ಗೌತಮ. ಕೈ ಮೇಲೆತ್ತಿದ. ಕೈ ಅಲ್ಲೇ ನಿಂತಿತು.

ಅದೇ ಕೈ, ಅದೇ ಎತ್ತರ. ಪಕ್ಕದಲ್ಲಿ ಕಾಳಪ್ಪ, ತಾನೇ ಮಾತಾಡುತ್ತಿರುವವನಂತೆ, ಮಗನ ಕೈಯನ್ನು ನೋಡುತ್ತಿದ್ದ. ಬಾಲಪ್ಪ ಮೆಚ್ಚಿ, ತಂದೆಯಂತೆ ಮಗನೂ ತೂಕ ಮಾಡಿ ಮಾತಾಡುತ್ತಾನೆಂದು ಉಳಿದವರಿಗೆ ಪಿಸುಗುಟ್ಟಿದ. ಕನಕಮ್ಮ ರೂಢಿಯಂತೆ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು.

"ಕ್ರೇನ್ ನಡಸ್ತಾರಲ್ರಿ?" ನೇತ್ರಾವತಿ ಮೆಲ್ಲಗೆ ಎತ್ತಿಕೊಟ್ಟಿದ್ದಳು. ಎಲ್ಲರೂ ನಕ್ಕರು. ಗೌತಮ ಹೌದೆಂದು ತಲೆ ಆಡಿಸಿದ.

ಕನಕಮ್ಮ ಆ ಹುಡುಗಿಯ ಮುಖ ನೋಡಿದಳು. ಇನ್ನೂ ಅರಿಶಿನ ಹಚ್ಚಿಲ್ಲ, ಆಗಲೇ ಕೆಲಸಕ್ಕೆ ಹತ್ತಿಬಿಟ್ಟಳಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಯಣ್ಣಾ, ನಾ ಹೇಳೂದು ಕೇಳ್ರಿ. ಇವಾ ತೂಕ ಮಾಡಾಕತ್ತಿಲ್ಲ, ಇವಗ ಮರತೈತಿ. ಗಾಂಜಾ ಸೇದತಾನ. ಕ್ರೇನಿನಿಂದ ಇಳಿಸ್ಯಾರ. ಇವರಪ್ಪಂದೂ ಅನುಭಾವ ಅಲ್ಲರಿ, ಅದೂ ಮರೆವು. ಅವರು ಹೇಳಿದ್ದು ಅಂತ ಮಂದಿ ಬರಕೊಂಡಿದ್ದೆಲ್ಲಾ ನಾ ಒಲಿ ಮುಂದ ಕುಂತು ಹೇಳಿದ್ದು. ನನ್ನ ಜನ್ಮ ಅದರಾಗ ಹೋತು. ನಿಮ್ಮ ಮಗಳದ್ದು ಹೋಗೂದು ಬ್ಯಾಡ."

ಬಾಲಪ್ಪ ದಿಕ್ಕು ತೋಚದೆ ಕಾಳಪ್ಪನ ಕಡೆ ನೋಡಿದ. ಎಲ್ಲರೂ ನೋಡಿದರು. ಚಹಾದ ಮೇಲೆ ಕೆನೆ ಕಟ್ಟಿತು. ಕಡೆಗೆ ಕಾಳಪ್ಪ ಹೇಳಿದ.

"ಆಕಿ ಹೇಳಿದ್ದು ಖರೆ ಐತಿ. ನನಗೇನೂ ಗೊತ್ತಿಲ್ಲ."

ಬಾಲಪ್ಪನ ಕಣ್ಣು ತುಂಬಿ ಬಂತು. "ನನಗೇನೂ ಗೊತ್ತಿಲ್ಲ ಅನ್ನಬೇಕಾದರ ಎಷ್ಟು ಗೊತ್ತಿರಬೇಕು," ಎಂದು ಎದ್ದು ಕಾಳಪ್ಪನ ಕಾಲಿಗೆ ಬಿದ್ದ. ಅವನ ಹಿಂದೆ ಇನ್ನಿಬ್ಬರು ಬಿದ್ದರು. ಕನಕಮ್ಮನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಅವಳ ಮಾತು ನಂಬಿದವಳು ನೇತ್ರಾವತಿ ಒಬ್ಬಳೇ. ಅವಳು ಚಹಾದ ಕಪ್ಪು ಎತ್ತುವ ನೆಪದಲ್ಲಿ ಕನಕಮ್ಮನ ಹತ್ತಿರ ಬಂದು, ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರೆ, ತಡ ಮಾಡಬೇಡಿ, ಮದುವೆಯ ಮಾತು ಸದ್ಯಕ್ಕೆ ಇರಲಿ ಎಂದಳು.

ಬಸ್ಸಿನಲ್ಲಿ ಗೌತಮ ತಾಯಿಗೆ ಬೆನ್ನು ಮಾಡಿ, ಕಿಟಕಿಗೆ ಹಣೆಯೊತ್ತಿ ಕೂತ. ಭಾನಾಪುರ ದಾಟಿದ ಮೇಲೆ ತಂದೆಯ ಕಡೆ ತಿರುಗಿ, ಅವ್ವ ಹೇಳಿದ್ದು ನಿಜವೇ ಎಂದು ಕೇಳಿದ. ಕಾಳಪ್ಪ ಈ ಸಲ ತಡಮಾಡಲಿಲ್ಲ.

"ನೀ ಹುಟ್ಟಿದ ದಿನ ನನಗ ನೆನಪಿಲ್ಲ ತಮ್ಮಾ. ಮಳಿ ಬರತಿತ್ತು, ಎತ್ತಿನ ಗಾಡಿಯಾಗ ದವಾಖಾನಿಗೆ ಹೋದ್ವಿ ಅಂತ ಮಂದಿಗೆ ಹೇಳ್ತೀನಲ್ಲ, ಅದೂ ನಿಮ್ಮವ್ವ ಹೇಳಿದ್ದು."

ಕನಕಮ್ಮನಿಗೂ ಇದು ಗೊತ್ತಿರಲಿಲ್ಲ. ಆ ಗಾಡಿಯ ಕತೆ ಇಬ್ಬರದೂ ಎಂದುಕೊಂಡಿದ್ದಳು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಧೂಳು ಎಂದಳು.

ಗೌತಮ ಆಸ್ಪತ್ರೆಗೆ ಬರಲು ಒಪ್ಪಿದ್ದು ಮರುವಾರ, ಅದೂ ನಿದ್ದೆಗೆ ಗುಳಿಗೆ ತರುವುದಕ್ಕೆಂದು. ಡಾಕ್ಟರ್ ಅಮೃತಾ ಅವನಿಗಿಂತ ಹೆಚ್ಚು ದೊಡ್ಡವಳಿದ್ದಂತೆ ಕಾಣಲಿಲ್ಲ. ಬಯ್ಯಲಿಲ್ಲ. ಹುಂಜದ ವಿಷಯವನ್ನೂ ನಗದೆ ಕೇಳಿದಳು. ಇಪ್ಪತ್ತು ದಾಟಿದ ಮೇಲೂ ಮಿದುಳು ಬೆಳೆಯುತ್ತಿರುತ್ತದೆ, ಹಸಿ ಗೋಡೆಯ ಹಾಗೆ, ಆಗ ತಾಗಿದ್ದು ಜಾಸ್ತಿ ಮೂಡುತ್ತದೆ ಎಂದಳು. ಸೇದಿದವರಿಗೆಲ್ಲ ಹೀಗೇ ಆಗುತ್ತದೆಂದಲ್ಲ, ಆದರೆ ಕೆಲವರಿಗೆ ಅನುಮಾನ ಹತ್ತಿ ತಲೆಯನ್ನೇ ಹಿಡಿದುಬಿಡುತ್ತದೆ, ಅದು ಯಾರಿಗೆ ಎಂದು ಮೊದಲೇ ತಿಳಿಯುವುದಿಲ್ಲ. ಬಿಟ್ಟರೆ ನೆನಪು ಬಹಳಷ್ಟು ತಿರುಗಿ ಬರಬಹುದು. ಮೊದಮೊದಲು ಸಿಟ್ಟು, ನಿದ್ದೆಗೇಡು ಇರುತ್ತದೆ, ತಡೆದುಕೊಳ್ಳಬೇಕು. ಕನಕಮ್ಮ ನಡುವೆ ಬಾಯಿ ಹಾಕಿ, ತನ್ನ ಗಂಡನ ಮರೆವೂ ಇದರಿಂದಲೇ ಅಲ್ಲವೇ ಎಂದು ಸಾಕ್ಷಿ ಕೇಳಿದಳು.

"ನೋಡದ ಹ್ಯಾಂಗ ಹೇಳ್ಲಿ ಅಮ್ಮಾ? ಕೆಲವು ಗಂಡಸರು ಸೇದದನೂ ಹಂಗ ಇರತಾರ," ಎಂದಳು ಡಾಕ್ಟರ್. ಗೌತಮ ಎಷ್ಟೋ ದಿನಗಳ ಮೇಲೆ ನಕ್ಕ.

ಬಿಡುವುದು ಸುಲಭವಾಗಲಿಲ್ಲ. ಸಿಟ್ಟಿನಲ್ಲಿ ಒಂದು ಕೊಡ ಒಡೆದ. ಒಂದು ಸಲ ಗೆಳೆಯರ ಜೊತೆ ಮತ್ತೆ ಹೊಳೆಗೆ ಹೋಗಿ ಬಂದು, ತಾನೇ ಹೇಳಿಕೊಂಡ. ಅನುಮಾನಕ್ಕೆ ಕೊಟ್ಟ ಗುಳಿಗೆ ನುಂಗಿದರೆ ಬಾಯಿ ಒಣಗುತ್ತದೆಂದು ಗೊಣಗಿದ. ಆಸ್ಪತ್ರೆಯ ಸರದಿಯಲ್ಲಿ ಅವನಂಥ ಹುಡುಗರನ್ನೂ ಅವರ ತಾಯಂದಿರನ್ನೂ ನೋಡಿ ಕನಕಮ್ಮನಿಗೆ ಧೈರ್ಯ ಬಂತೋ ದಿಗಿಲಾಯಿತೋ ಅವಳಿಗೇ ತಿಳಿಯಲಿಲ್ಲ. ಬೇಸಿಗೆ ಹೊತ್ತಿಗೆ ಹುಂಜ ಬರೀ ಹುಂಜವಾಯಿತು. ಮಳೆಗಾಲ ಕಳೆಯುವಾಗ ಕಾರ್ಖಾನೆಯವರು ಪರೀಕ್ಷೆ ಮಾಡಿ ಮತ್ತೆ ಕ್ರೇನಿಗೆ ಹತ್ತಿಸಿದರು. ಒಮ್ಮೊಮ್ಮೆ ಹೆಸರುಗಳು ಈಗಲೂ ತಡವರಿಸುತ್ತವೆ. ಆಗ ಕನಕಮ್ಮ ತುಟಿ ಕಚ್ಚಿ ಸುಮ್ಮನಿರುತ್ತಾಳೆ. ಅವಳ ಪಾಲಿಗೆ ಅದಕ್ಕಿಂತ ಕಷ್ಟದ ವ್ರತವಿಲ್ಲ.

ನೇತ್ರಾವತಿಗೆ ಕುಷ್ಟಗಿಯಲ್ಲಿ ನೌಕರಿ ಸಿಕ್ಕಿದೆ. ಮದುವೆಯ ಮಾತು ಬಂದರೆ ಇನ್ನೊಂದು ವರ್ಷ ನೋಡೋಣ ಅನ್ನುತ್ತಾಳೆ. ಗೌತಮ ನೋಡುತ್ತಿದ್ದಾನೆ. ಕಾಳಪ್ಪನ ಹತ್ತಿರ ಮಂದಿ ಬರುವುದು ಮೊದಲಿಗಿಂತ ಹೆಚ್ಚಾಗಿದೆ. ಒಳಗಿನಿಂದ ಈಗ ಕನಕಮ್ಮನ ದನಿ ಬಾರದೆ ಮಾತುಗಳು ಅರ್ಧದಲ್ಲೇ ಉಳಿಯುವುದರಿಂದ ಅವು ಇನ್ನೂ ಆಳವಾಗಿವೆಯಂತೆ.

ಹೋದ ತಿಂಗಳು ಕನಕಮ್ಮ ಗಂಗಾವತಿಯ ಹಿರಿಯ ಮಗಳ ಮನೆಗೆ ಹೋದಳು. ಮದುವೆಯಾದ ಮೇಲೆ ಗಂಡನನ್ನು ಬಿಟ್ಟು ಊರು ದಾಟಿ ಉಳಿದದ್ದು ಇದೇ ಮೊದಲು. ಸಂಜೆ ತಡೆಯಲಾರದೆ ತಾಜಬೀಗೆ ಫೋನ್ ಮಾಡಿ ಮನೆಯ ಕತೆ ಏನೆಂದು ಕೇಳಿದಳು. ಅಪ್ಪ ಮಗ ಅನ್ನ ಹೊತ್ತಿಸಿದ್ದಾರೆ, ಸಾರಿಗೆ ಉಪ್ಪು ಹಾಕಿಲ್ಲ, ಆದರೂ ಇಬ್ಬರೂ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಾರೆ ಎಂದಳು ತಾಜಬೀ. ಕನಕಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಹಾಗಾದರೆ ಇನ್ನೂ ನಾಲ್ಕು ದಿನ ಇದ್ದೇ ಬರುತ್ತೇನೆಂದು ಫೋನ್ ಇಟ್ಟಳು. ಮಗಳು ಮಿರ್ಚಿ ಕರಿಯುತ್ತಿದ್ದಳು.