ತೂಕದಕ್ಕನ ಚಾರ್ಟು

ಹೆಗಲಿಗೆ ತೂಕದ ಯಂತ್ರ ನೇತುಹಾಕಿಕೊಂಡು ಬರುತ್ತಿದ್ದ ನರ್ಸಮ್ಮನನ್ನು ನಮ್ಮ ಶಾಲೆಯ ಮಕ್ಕಳು ತೂಕದಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಶಾಲೆಯಿಂದ ಶಾಲೆಗೆ ಅಲೆದ ಜೀವ. ಹಲ್ಲು, ಉಗುರು, ತಲೆಯ ಹೇನು, ಒಂದನ್ನೂ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಒಂದೊಂದು ಮಗುವಿನ ಹತ್ತಿರವೂ ಹರಟೆ.

"ಏನೋ ಮರಿ, ಹಲ್ಲು ಉಜ್ಜಿದ್ಯೋ, ಇಲ್ಲ ಹಲ್ಲಿಗೆ ಬ್ರಷ್ ತೋರಿಸಿ ಬಂದ್ಯೋ?"

ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದನೇ ಕ್ಲಾಸಿನಿಂದ ಆ ಮಕ್ಕಳಿಗೆ ನಾನೇ ಟೀಚರ್. ಆಕೆ ಬಂದ ದಿನ ಪಾಠವೆಲ್ಲ ಎಕ್ಕುಟ್ಟಿ ಹೋಗುತ್ತಿತ್ತು.

ಅದಕ್ಕೇ ಒಂದು ಉಪಾಯ ಮಾಡಿದೆ. ಕಣ್ಣಿನ ಪರೀಕ್ಷೆಗೆ ಆಕೆ ಪ್ರತಿವರ್ಷ ತರುತ್ತಿದ್ದದ್ದು ಅದೇ ಒಂದು ಚಾರ್ಟು. ಅದರ ಅಕ್ಷರಗಳನ್ನು ಬರೆದಿಟ್ಟುಕೊಂಡು, ಹಿಂದಿನ ದಿನವೇ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೆಡ್ಮಾಸ್ತರು ಬೆನ್ನು ತಟ್ಟಿದರು. ಹೀಗೇ ಮೂರು ವರ್ಷ.

ನಾಲ್ಕನೇ ವರ್ಷ ತೂಕದಕ್ಕನಿಗೆ ಏನೋ ಅನುಮಾನ ಬಂತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಒಂದು ಕಣ್ಣು ಮುಚ್ಚಿಸಿ, ಸದ್ದಿಲ್ಲದೆ ಚಾರ್ಟನ್ನು ತಲೆಕೆಳಗು ಮಾಡಿದಳು. ಎಲ್ಲರೂ "ಅಕ್ಕಾ, ಉಲ್ಟಾ!" ಎಂದರು. ದರ್ಜಿಯ ಮಗಳು ಮಾತ್ರ, ಬಲಗಣ್ಣು ಮುಚ್ಚಿಕೊಂಡು, ಚಾರ್ಟು ನೆಟ್ಟಗಿದೆಯೇನೋ ಎಂಬಂತೆ ಗಡಗಡ ಹೇಳಿ ಮುಗಿಸಿದಳು.

"ಪುಟ್ಟಾ, ಇದನ್ನ ಯಾರು ಹೇಳಿಕೊಟ್ರು?"

"ಟೀಚರ್."

ನಾನು ಬಾಗಿಲಲ್ಲೇ ನಿಂತಿದ್ದೆ.

ಕಣ್ಣಿನ ಡಾಕ್ಟರು ಹೇಳಿದ್ದಿಷ್ಟು: "ಎಡಗಣ್ಣು ಮೊದಲಿಂದಲೂ ಮಂದ. ಮೂರು ವರ್ಷ ಮುಂಚೆ ಬಂದಿದ್ರೆ ಸರಿ ಮಾಡಬಹುದಿತ್ತು. ಈಗ ಪೂರ್ತಿ ದೃಷ್ಟಿ ಬರೋದು ಅನುಮಾನ."

ಮಾರನೆಯ ದಿನ ಮಧ್ಯಾಹ್ನ ಹುಡುಗಿಯ ತಾಯಿ ತಪಾಸಣೆಯ ಕಾರ್ಡು ಹಿಡಿದು ಹೆಡ್ಮಾಸ್ತರ ಕೋಣೆಗೇ ನುಗ್ಗಿ, ನನ್ನ ಜೊತೆ ಅಲ್ಲೇ ಇದ್ದ ತೂಕದಕ್ಕನ ಮೇಲೆ ಹರಿಹಾಯ್ದಳು. "ಮೂರು ಸಲ 'ದೃಷ್ಟಿ ಸರಿ ಇದೆ' ಅಂತ ಬರೆದ್ರಲ್ಲ, ನಿಮ್ಮ ಕಣ್ಣಿಗೇನು ಮಣ್ಣು ಬಿದ್ದಿತ್ತಾ?"

ತೂಕದಕ್ಕ ನನ್ನ ಮುಖ ನೋಡಿದಳು. ನಾನಾಗಿ ಹೇಳಲಿ ಎಂದು ಕಾದಳು.

"ಅದೆಲ್ಲ ನರ್ಸ್ ಕೆಲಸ ಕಣಮ್ಮಾ, ನನಗೇನು ಗೊತ್ತು?" ಎಂದೆ.

"ಚಾರ್ಟು ಬಾಯಿಪಾಠ ಮಾಡಿಸಿದ್ದು ಯಾರು ಅಂತ ನಿಮ್ಮ ಮಗಳನ್ನೇ ಕೇಳಿ," ಎಂದಳು ತೂಕದಕ್ಕ.

ಕ್ಲಾಸಿನಿಂದ ಕರೆಸಿದ ಹುಡುಗಿ ತಲೆ ತಗ್ಗಿಸಿ, "ಟೀಚರ್ ಏನೂ ಹೇಳಿಕೊಟ್ಟಿಲ್ಲ," ಎಂದಳು. ಹಾಗೆ ಹೇಳು ಎಂದು ಬೆಳಿಗ್ಗೆಯೇ ಅವಳನ್ನು ಗದರಿಸಿದ್ದವಳು ನಾನೇ.

ಹೆತ್ತ ತಾಯಿಯ ಎದುರು ಮಗುವನ್ನು ಸುಳ್ಳಿ ಮಾಡಲು ತೂಕದಕ್ಕನಿಗೆ ಮನಸ್ಸು ಬರಲಿಲ್ಲ. ತಪ್ಪು ತನ್ನದೇ ಎಂದು ಬರೆದುಕೊಟ್ಟಳು. ಅವಳ ಕೆಲಸ ಹೋಯಿತು, ನನ್ನದು ಉಳಿಯಿತು. ಥೂ, ನನ್ನ ಜನ್ಮಕ್ಕಿಷ್ಟು!