ಸಾಕು ಕೇಳಿಸದ ಅಶ್ವತ್ಥಣ್ಣ

'ಸಾಕು' ಎಂಬ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತೂ ಅಶ್ವತ್ಥಣ್ಣನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅಡಿಗೆಮನೆಯ ಆ ತುದಿಯಲ್ಲಿ ಯಾರಾದರೂ ಉಪ್ಪು ಕಮ್ಮಿ ಎಂದು ಗೊಣಗಿದರೆ ಈ ತುದಿಯಿಂದ ಉತ್ತರ ಹೋಗುತ್ತಿತ್ತು. ಆದರೆ ಎದುರಿಗೇ ಕೂತು, ಎರಡು ಕೈಯನ್ನೂ ತಟ್ಟೆಗೆ ಅಡ್ಡ ಹಿಡಿದು, ಹೊಟ್ಟೆಯಲ್ಲಿ ಜಾಗವಿಲ್ಲ ಎಂದು ಗೋಗರೆದರೂ ಅವರ ಸೌಟು ಬೆರಳುಗಳ ಸಂದಿ ಹುಡುಕಿಕೊಂಡು ಇಳಿದೇಬಿಡುತ್ತಿತ್ತು. ಬಿಸಿ ಹುಳಿಯಲ್ಲಿ ನಾನೇ ಒಂದೆರಡು ಸಲ ಬೆರಳು ಸುಟ್ಟುಕೊಂಡಿದ್ದೇನೆ.

ಮೈಸೂರಿನಲ್ಲಿ ಅವರದು ಮದುವೆಮನೆಗಳಲ್ಲಿ ಬಡಿಸುವ ಕೆಲಸ. ಅಡಿಗೆಯವರಲ್ಲ, ಬಡಿಸುವವರು, ಈ ವ್ಯತ್ಯಾಸವನ್ನು ಅವರು ತಪ್ಪದೆ ಹೇಳುತ್ತಿದ್ದರು. ಅಡಿಗೆ ಎಷ್ಟೇ ಚೆನ್ನಾಗಿದ್ದರೂ ಪಂಕ್ತಿಯಲ್ಲಿ ಒಬ್ಬ ಖಾಲಿ ಎಲೆ ನೋಡಿಕೊಂಡು ಕೂತರೆ ಮದುವೆಯ ಹೆಸರು ಕೆಟ್ಟಹಾಗೆ ಎಂಬುದು ಅವರ ಸಿದ್ಧಾಂತ. "ಬಾಯಿ ಬೇಡ ಅನ್ನುತ್ತೆ, ಹೊಟ್ಟೆ ಹಾಕು ಅನ್ನುತ್ತೆ ಕಣಮ್ಮ. ಬಡಿಸೋನು ಹೊಟ್ಟೆ ಮಾತು ಕೇಳ್ಬೇಕು," ಎನ್ನುವರು. ಎಲೆಗೆ ಕೈ ಅಡ್ಡ ಹಿಡಿದವನಿಗೆ ಒಂದು ಸೌಟು ಹೆಚ್ಚಿಗೆ. ಏಕೆಂದರೆ ಅವನು ಸಂಕೋಚದ ಮನುಷ್ಯ.

ಐವತ್ತು ದಾಟಿದ ಮೇಲೆ, ಹೆಂಡತಿ ತೀರಿಕೊಂಡು ಒಬ್ಬರೇ ಆದಾಗ, ಕಡಲಾಚೆ ಮೌಂಟನ್ ವ್ಯೂನಲ್ಲಿದ್ದ ತಂಗಿ ಅವರನ್ನು ಕರೆಸಿಕೊಂಡಳು. ಸುಮ್ಮನೆ ಅಪಾರ್ಟ್‌ಮೆಂಟಿನಲ್ಲಿ ಕೂರಲಾರದೆ ಅವರು ಹತ್ತಿರದ ಇಂಡಿಯನ್ ರೆಸ್ಟೋರೆಂಟೊಂದಕ್ಕೆ ಸೇರಿದರು. ಎಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮ ಊಟ ಸಿಗುವ ಜಾಗಗಳು ಅಲ್ಲಿ ಬೆರಳೆಣಿಕೆಯಷ್ಟಿದ್ದವು. ಮಗಳನ್ನು ಡೇಕೇರಿಗೆ ಬಿಟ್ಟು ನಾನು ಅದೇ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನ ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದೆ. ಮಾಲೀಕ ಬಲಬೀರ್, ಪಂಜಾಬಿನವನು. ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ, ಹಾಗಾಗಿ ಅಶ್ವತ್ಥಣ್ಣನ ಇಂಗ್ಲಿಷೆಲ್ಲ ನನ್ನ ಬಾಯಲ್ಲೇ ಇತ್ತು.

ಅಲ್ಲಿ ಬಿಯರೂ ವೈನೂ ಕೊಡುತ್ತಿದ್ದರು. ಜನ್ಮದಲ್ಲಿ ಒಂದು ಹನಿ ಮುಟ್ಟದ ಅಶ್ವತ್ಥಣ್ಣ ಮೊದಲ ವಾರವೆಲ್ಲ ಜಗ್ಗು ಮುಟ್ಟಿದಾಗಲೆಲ್ಲ ಕೈ ತೊಳೆದರು. ಮೊಣಕೈಯವರೆಗೂ ಸೋಪು ಹಚ್ಚುತ್ತಿದ್ದರು. ನಾನು ನಕ್ಕು, ಆಪರೇಷನ್‌ಗೆ ಹೊರಟಿರಾ ಎಂದು ಕೇಳುತ್ತಿದ್ದೆ. ಎರಡನೆಯ ವಾರ ಅವರೇ ಒಂದು ಸಮಾಧಾನ ಕಂಡುಕೊಂಡರು. ಇವರಿಗೆ ಇದೇ ಮಜ್ಜಿಗೆ, ಊಟದ ಜೊತೆ ಬೇಕು, ಕೇಳುವುದಕ್ಕೆ ನಾವು ಯಾರು ಎಂದರು. ಅಲ್ಲಿಂದ ಮುಂದೆ ಮಜ್ಜಿಗೆಯನ್ನು ಬಡಿಸಿದ ಹಾಗೆಯೇ ಬಿಯರನ್ನೂ ಬಡಿಸಿದರು. ಗ್ಲಾಸು ಅರ್ಧಕ್ಕೆ ಇಳಿಯುವ ಮುಂಚೆ ಜಗ್ಗು ಹಾಜರು. ಗಿರಾಕಿಗಳಿಗೆ ಬಹಳ ಸಂತೋಷ, ಬಲಬೀರನಿಗೆ ಇನ್ನೂ ಸಂತೋಷ.

ಶುಕ್ರವಾರ ಮಧ್ಯಾಹ್ನ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಗಳಿಂದ ಗುಂಪುಗುಂಪಾಗಿ ಬರುತ್ತಿದ್ದರು. ಅವರಲ್ಲಿ ಡೇಲ್ ಎಂಬುವನೊಬ್ಬ. ಎತ್ತರದ ಆಳು, ತಲೆ ಪೂರ್ತಿ ಬೆಳ್ಳಗೆ, ಮಿಷನ್ ರಿಪೇರಿ ಮಾಡುವವನು. ಅಶ್ವತ್ಥಣ್ಣನನ್ನು 'ಆಶ್' ಎಂದು ಕರೆಯುತ್ತಿದ್ದ. ಮನೆಯಿಂದ ತಂದ ನಿಂಬೆಕಾಯಿ ಉಪ್ಪಿನಕಾಯಿಯನ್ನು ಇವರು ಅವನೊಬ್ಬನಿಗೆ ಗುಟ್ಟಾಗಿ ಬಡಿಸುವರು, ಅವನು ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಸ್ನೇಹ ಗಟ್ಟಿಯಾಗಿತ್ತು.

ಡೇಲ್ ರಿಟೈರ್ ಆದ ದಿನದ ಊಟ ನಮ್ಮಲ್ಲೇ ನಡೆಯಿತು. ಕಂಪನಿಯ ಪಾರ್ಟಿ, ಮೇಜಿನ ಮೇಲೆ ಜಗ್ಗುಗಳು ಸಾಲಾಗಿದ್ದವು. ಎರಡು ಗಂಟೆಯ ಹೊತ್ತಿಗೆ ಅವನು ಗ್ಲಾಸಿನ ಮೇಲೆ ಅಂಗೈ ಮುಚ್ಚಿ, ಸಾಕು ಆಶ್, ನಾನು ಕಾರು ಓಡಿಸಬೇಕು ಎಂದ. ಕೌಂಟರಿನಲ್ಲಿ ಕೂತ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಶ್ವತ್ಥಣ್ಣ ನಗುತ್ತ, ಮದುವೆಮನೆಯಲ್ಲಿ ಬೀಗರ ಕೈ ಎತ್ತುವ ಹಾಗೆ, ಎರಡು ಬೆರಳಿನಿಂದ ಅವನ ಕೈಯನ್ನು ಮೆಲ್ಲಗೆ ಎತ್ತಿ ಗ್ಲಾಸು ತುಂಬಿದರು. ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆಮೇಲೆ ಇನ್ನೆರಡು ಸಲ ಹೀಗೇ ಆಯಿತು.

ಅವನು ಹೊರಟ ಸ್ವಲ್ಪ ಹೊತ್ತಿಗೆ ಸೈರನ್ ಕೇಳಿಸಿತು. ನಾವು ತಲೆ ಕೆಡಿಸಿಕೊಳ್ಳಲಿಲ್ಲ, ಆ ರಸ್ತೆಯಲ್ಲಿ ಅದು ದಿನವೂ ಕೇಳುವುದೇ. ಮಾರನೆಯ ದಿನ ಪೊಲೀಸರು ಬಂದಾಗ ತಿಳಿಯಿತು. ಎರಡು ಬೀದಿ ದಾಟಿದ ಮೇಲೆ ಸಿಗುವ ಸಿಗ್ನಲ್ಲಿನಲ್ಲಿ ಅವನ ಕಾರು ಸೈಕಲ್ಲಿನಲ್ಲಿ ಗ್ರೋಸರಿ ತರುತ್ತಿದ್ದ ಹೆಂಗಸೊಬ್ಬಳಿಗೆ ಬಡಿದಿತ್ತು. ಅವಳ ಜೀವ ಉಳಿಯಿತು, ಆದರೆ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು. ನಾನು ಬೇಡ ಎಂದೆ, ಅವರೇ ಸುರಿದರು ಎಂದು ಡೇಲ್ ಹೇಳಿದನಂತೆ. ಕುಡಿದವನ ಮಾತು ಎಂದು ಯಾರೂ ನಂಬಲಿಲ್ಲ, ಮೇಜಿನಲ್ಲಿದ್ದವರೂ ಕುಡಿದಿದ್ದವರೇ, ನೆನಪಿಲ್ಲ ಎಂದರಂತೆ. ಬಲಬೀರ್ ನಮ್ಮನ್ನೆಲ್ಲ ಅಡಿಗೆಮನೆಯಲ್ಲಿ ನಿಲ್ಲಿಸಿಕೊಂಡು, ಗಿರಾಕಿ ಕೇಳಿದ, ನಾವು ಕೊಟ್ಟೆವು, ಅಷ್ಟೇ. ಬೇರೆ ಏನಾದರೂ ಬಾಯಿಬಿಟ್ಟರೆ ಈ ಬಾಗಿಲು ಮುಚ್ಚಿತು ಎಂದ. ಅಶ್ವತ್ಥಣ್ಣನನ್ನು ಪೊಲೀಸರು ಕೇಳಲೇ ಇಲ್ಲ. ಇಂಗ್ಲಿಷು ಬಾರದ ಮುದುಕನಿಗೆ ಏನು ಗೊತ್ತಿರುತ್ತದೆ ಎಂದುಕೊಂಡರೇನೋ. ನನ್ನನ್ನು ಕೇಳಿದರು. ಲೆಕ್ಕ ನೋಡುತ್ತಿದ್ದೆ, ಗಮನಿಸಲಿಲ್ಲ ಎಂದೆ.

ತಿಂಗಳಾದ ಮೇಲೆ ಇನ್ಶೂರೆನ್ಸಿನವರು ಹೊಸ ಷರತ್ತು ಹಾಕಿದರು. ಗ್ಲಾಸು ಮುಟ್ಟುವ ಪ್ರತಿಯೊಬ್ಬರೂ ಮದ್ಯ ಬಡಿಸುವ ತರಬೇತಿಗೆ ಕಡ್ಡಾಯವಾಗಿ ಹೋಗಬೇಕು, ಸರ್ಟಿಫಿಕೇಟು ಇಲ್ಲದವರು ಜಗ್ಗು ಹಿಡಿಯುವ ಹಾಗಿಲ್ಲ. ಬಡಿಸುವುದನ್ನು ಕಲಿಸಲು ಅಶ್ವತ್ಥಣ್ಣನಿಗೆ ಕ್ಲಾಸು! ಬೇರೆ ದಿನಗಳಾಗಿದ್ದರೆ ನಾವಿಬ್ಬರೂ ವಾರಗಟ್ಟಲೆ ನಗುತ್ತಿದ್ದೆವು. ಅವರು ಮಾತ್ರ ಅಪಘಾತದ ಸುದ್ದಿ ತಿಳಿದ ದಿನದಿಂದ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ.

ಒಂದು ಹೋಟೆಲಿನ ಮೀಟಿಂಗ್ ರೂಮಿನಲ್ಲಿ ಬೆಳಿಗ್ಗೆ ಕ್ಲಾಸು. ಬಾರಿನವರು, ರೆಸ್ಟೋರೆಂಟಿನವರು, ಒಟ್ಟು ಮೂವತ್ತು ಜನ ಇದ್ದಿರಬಹುದು. ಕಲಿಸುವವಳು ಕ್ಯಾರೊಲ್ ಎಂಬ ಗಟ್ಟಿ ದನಿಯ ಹೆಂಗಸು. ಗ್ಲಾಸು ಎಣಿಸಬೇಕು, ಮಧ್ಯೆ ನೀರು ಕೊಡಬೇಕು, ಕೇಳದೆ ತುಂಬಬಾರದು, ನಾಲಿಗೆ ತೊದಲಿದರೆ ನಿಲ್ಲಿಸಬೇಕು, ಟ್ಯಾಕ್ಸಿ ಕರೆಯಬೇಕು ಎಂದೆಲ್ಲ ಪಟ ತೋರಿಸಿ ಹೇಳಿದಳು. ನಾನು ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಕನ್ನಡ ಮಾಡುತ್ತಿದ್ದೆ. ಅಶ್ವತ್ಥಣ್ಣ ಒಂದೊಂದಕ್ಕೂ ಹೂಂ ಎನ್ನುತ್ತಿದ್ದರು. ಆಮೇಲೆ ಅಭ್ಯಾಸ. ಕ್ಯಾರೊಲ್ ಕುಡಿದವಳ ಹಾಗೆ ನಟಿಸಿ ಇನ್ನೊಂದು ಕೇಳುವುದು, ಇವರು ಕೊಡುವುದಿಲ್ಲ ಎನ್ನುವುದು. ಅವಳು ಗ್ಲಾಸು ಮುಂದೆ ಚಾಚಿದ್ದೇ ತಡ, ಬಿಯರಿನ ಬದಲು ಇಟ್ಟಿದ್ದ ನೀರಿನ ಜಗ್ಗನ್ನು ಇವರ ಕೈ ತಾನಾಗಿ ಎತ್ತಿ ಸುರಿದುಬಿಟ್ಟಿತು. ಮೂರು ಸಲವೂ ಹಾಗೇ ಆಯಿತು. ಎಲ್ಲರೂ ಗೊಳ್ಳೆಂದರು.

ಕ್ಯಾರೊಲ್ ನಗದೆ, ಗ್ಲಾಸಿನ ಮೇಲೆ ಅಂಗೈ ಮುಚ್ಚಿ, ಹೀಗೆ ಮಾಡಿದರೆ ಏನರ್ಥ ಎಂದು ಅವರನ್ನು ಕೇಳಿದಳು. ನಾನು ಕನ್ನಡ ಮಾಡುವ ಅಗತ್ಯವೇ ಬರಲಿಲ್ಲ. ಅಶ್ವತ್ಥಣ್ಣ ಆ ಕೈಯನ್ನೇ ನೋಡುತ್ತ ನಿಂತರು. ಜಗ್ಗನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಇವರಿಗೆ ಹೇಳಮ್ಮ. ಅವತ್ತು ಆ ಮನುಷ್ಯ ಹೀಗೇ ಕೈ ಮುಚ್ಚಿದ್ದ. ಸಾಕು ಅಂದಿದ್ದ. ನಾನೇ ಕೈ ಎತ್ತಿ ಸುರಿದೆ, ಮೂರು ಸಲ. ಡೇಲ್ ಹೇಳಿದ್ದು ನಿಜ ಅಂತ ಹೇಳು."

ನಮ್ಮ ಜೊತೆ ಕ್ಲಾಸಿಗೆ ಬಂದಿದ್ದ ಬಲಬೀರ್ ಎರಡು ಸಾಲು ಹಿಂದೆ ಕೂತಿದ್ದ. ಕನ್ನಡ ಬಾರದಿದ್ದರೂ ಡೇಲ್ ಎಂಬ ಹೆಸರು ಕೇಳಿ ನೆಟ್ಟಗಾದ. ಆ ವರ್ಷ ನನ್ನ ಯಜಮಾನರ ಕಂಪನಿಯಲ್ಲಿ ಲೇಆಫು ಆಗಿ ಅವರು ಮನೆಯಲ್ಲಿದ್ದರು, ಮನೆ ನಡೆಯುತ್ತಿದ್ದುದು ನನ್ನ ಕೆಲಸದಿಂದ. ಇದನ್ನು ನಾನು ಕಾರಣ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದೆ. ನೋಡಿಲ್ಲ ಎಂದು ಪೊಲೀಸರಿಗೆ ಹೇಳಿದ ಮೇಲೆ ಈಗ ನೋಡಿದೆ ಎನ್ನುವುದು ಹೇಗೆ? ಎದ್ದು ನಿಂತು, ನಮ್ಮ ದೇಶದಲ್ಲಿ ಅತಿಥಿಗಳಿಗೆ ಒತ್ತಾಯ ಮಾಡಿ ಬಡಿಸುವುದು ಪದ್ಧತಿ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾರೊಲ್ ಬಹಳ ಮೆಚ್ಚಿಕೊಂಡಳು. ಮತ್ತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಡೇಲ್‌ನ ಹೆಸರು ನನ್ನ ಮಾತಿನಲ್ಲಿ ಬರಲಿಲ್ಲ ಎಂದು ತಿಳಿಯುವಷ್ಟು ಇಂಗ್ಲಿಷು ಅಶ್ವತ್ಥಣ್ಣನಿಗೆ ಬರುತ್ತಿತ್ತು. ನನ್ನ ಮುಖ ನೋಡಿದರು, ಕುರ್ಚಿಗೆ ಹೋಗಿ ಕೂತರು.

ಸರ್ಟಿಫಿಕೇಟು ಬಂತು. ಬಲಬೀರ್ ಅದಕ್ಕೆ ಚೌಕಟ್ಟು ಹಾಕಿಸಿ ನನ್ನ ಕೌಂಟರಿನ ಹಿಂದೆಯೇ ಮೊಳೆ ಹೊಡೆದ. ಅಶ್ವತ್ಥಣ್ಣ ಅಂಗಿಯ ಎಡಜೇಬಿನಲ್ಲಿ ಒಂದು ಹಿಡಿ ಕಡಲೆಕಾಳು ಇಟ್ಟುಕೊಳ್ಳತೊಡಗಿದರು. ಗಿರಾಕಿಗೆ ಒಂದು ಗ್ಲಾಸು ಕೊಟ್ಟರೆ ಒಂದು ಕಾಳು ಬಲಜೇಬಿಗೆ. ಎರಡಾದ ಮೇಲೆ ನೀರು ತಂದಿಡುವರು, ಮೂರಾದ ಮೇಲೆ ಕೈಮುಗಿದು ನಿಲ್ಲುವರು. ಹಳೆಯ ಗಿರಾಕಿಗಳು ಆಶ್‌ಗೆ ಏನಾಗಿದೆ ಎಂದು ನನ್ನನ್ನು ಕೇಳುತ್ತಿದ್ದರು. ಲಿವರ್‌ಮೋರ್ ದೇವಸ್ಥಾನದಲ್ಲಿ ಭಾನುವಾರದ ಊಟಕ್ಕೆ ಬಡಿಸುವವರಲ್ಲಿ ಅವರೇ ಮುಂದಾಳಾಗಿದ್ದವರು. ಅಲ್ಲೂ ಸೌಟು ಕೆಳಗಿಟ್ಟರು. ಹಿಂದುಗಡೆ ಪಾತ್ರೆ ತೊಳೆಯುವ ಕಡೆ ನಿಂತುಬಿಟ್ಟರು, ಯಾರು ಕರೆದರೂ ಬರಲಿಲ್ಲ. ಡೇಲ್‌ಗೆ ಕೆಲವು ತಿಂಗಳು ಜೈಲಾಯಿತು ಎಂಬ ಸುದ್ದಿ ಬಂದ ದಿನ ಅವರು ನನ್ನನ್ನು ಒಂದು ಕಾಗದ ಬರೆದುಕೊಡಲು ಕೇಳಿದರು, ಜಡ್ಜಿಗೆ. ಬರೆಯೋಣ ಅಂದೆ. ನಾಳೆ ಅಂದೆ, ಮುಂದಿನ ವಾರ ಅಂದೆ. ಮೂರನೆಯ ಸಲ ಕೇಳಿದ ಮೇಲೆ ಅವರು ಕೇಳುವುದನ್ನೇ ಬಿಟ್ಟರು.

ಮಾರನೆಯ ವರ್ಷ ತಂಗಿಯ ಗಂಡನಿಗೆ ಟೆಕ್ಸಾಸಿನಲ್ಲಿ ಕೆಲಸವಾಗಿ ಎಲ್ಲರೂ ಹೊರಟರು. ಹೋಗುವ ಮುಂಚೆ ಅಶ್ವತ್ಥಣ್ಣ ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಮನೆತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಸ್ಟೀಲು ತಟ್ಟೆ ಒಂದೇ ಹೊರಗಿತ್ತು, ಅದನ್ನು ನನಗೆ ಹಾಕಿ ಎದುರಿಗೆ ನಿಂತರು. ಹುರುಳೀಕಾಯಿ ಪಲ್ಯ, ತೊವ್ವೆ, ಸಾರು. ಬಡಿಸುತ್ತಲೇ, ತಾವು ಡೇಲ್‌ನ ಮನೆಗೆ ಹೋಗಿ ಬಂದದ್ದನ್ನು ಹೇಳಿದರು. ಅವನು ಬಿಡುಗಡೆಯಾದ ಮೇಲೆ ವಿಳಾಸ ಪತ್ತೆ ಮಾಡಿಕೊಂಡು, ಎರಡು ಬಸ್ಸು ಬದಲಾಯಿಸಿ, ಒಬ್ಬರೇ ಹೋಗಿದ್ದರು.

"ಬರೋ ಇಂಗ್ಲಿಷಲ್ಲೇ ಹೇಳ್ದೆ ಕಣಮ್ಮ. ಯು ಹ್ಯಾಂಡ್ ಪುಟ್, ಐ ಪೋರ್, ಮಿಸ್ಟೇಕ್ ಮೈನ್ ಅಂದೆ. ಆ ಹೆಂಗಸಿನ ಮನೆ ಎಲ್ಲಿ, ಅವರಿಗೂ ಹೇಳ್ಬೇಕು ಅಂದೆ. ಬಾಗಿಲು ಹಿಡ್ಕೊಂಡು ಎಲ್ಲ ಕೇಳಿಸ್ಕೊಂಡ. ಆಮೇಲೆ ಬಾಗಿಲು ಹಾಕ್ಕೊಂಡ."

"ಏನೂ ಅನ್ನಲಿಲ್ವಾ?"

"ಏನಂತಾನೆ? ಹಾಕ್ಕೊಳ್ಳಲಿ ಬಿಡು."

ಅವತ್ತು ಕ್ಲಾಸಿನಲ್ಲಿ ನಾನು ಹೇಳಬೇಕಿತ್ತು ಅಶ್ವತ್ಥಣ್ಣ ಎಂದೆ. ಇರಲಿ ಬಿಡಮ್ಮ ಎನ್ನುತ್ತಾರೆ, ಮಕ್ಕಳೊಂದಿಗಳು, ನಿನ್ನ ಕಷ್ಟ ನಿನಗೆ ಎನ್ನುತ್ತಾರೆ ಎಂದು ಒಳಗೊಳಗೇ ಕಾದಿದ್ದೆ.

"ಹೂಂ, ಹೇಳ್ಬೇಕಿತ್ತು," ಎಂದರು. ಕೋಪವಿರಲಿಲ್ಲ. ಒಳಗೆ ಹೋಗಿ ಶ್ಯಾವಿಗೆ ಪಾಯಸದ ಪಾತ್ರೆ ತಂದರು.

ಒಂದು ಸೌಟು ಹಾಕಿದರು. ತಿಂದೆ. ಎರಡನೆಯ ಸೌಟು ತುಂಬಿಕೊಂಡು ತಟ್ಟೆಯ ಹತ್ತಿರ ತಂದಾಗ, ಹಳೆಯ ಅಭ್ಯಾಸ, ಎರಡು ಕೈಯನ್ನೂ ಅಡ್ಡ ಹಿಡಿದು ಸಾಕು ಅಶ್ವತ್ಥಣ್ಣ ಎಂದೆ. ಸೌಟು ನನ್ನ ಬೆರಳುಗಳ ಮೇಲೆ ನಿಂತಿತು. ಬಿಸಿ ತಾಗುತ್ತಿತ್ತು. ಇನ್ನೇನು ಸಂದಿ ಹುಡುಕಿಕೊಂಡು ಇಳಿಯುತ್ತದೆ ಎಂದು ಬೆರಳನ್ನು ಸ್ವಲ್ಪ ಸಡಿಲ ಮಾಡಿದೆ ಕೂಡ.

"ಸಾಕಾ? ಸರಿ," ಎಂದು ಅವರು ಸೌಟನ್ನು ಪಾತ್ರೆಗೆ ವಾಪಸು ಬಗ್ಗಿಸಿ, ಮುಚ್ಚಳ ಮುಚ್ಚಿ, ಒಳಗೆ ತೆಗೆದುಕೊಂಡು ಹೋದರು.

ನನಗೆ ಇನ್ನೊಂದು ಸೌಟು ಬೇಕಾಗಿತ್ತು.